ಸತ್ತವರ ದಂಡು ಬಂದರೆ ಮಿಲಿಟರಿ ಏನು ಮಾಡೀತು?

ದಸರಾ ರಜೆಗೆ ಅಕ್ಕನ ಮಗ ಬಂದಿದ್ದ. ಒಂಬತ್ತನೇ ಕ್ಲಾಸು. ರಾತ್ರಿ ಊಟ ಆದ ಮೇಲೆ ಅವನ ಜೊತೆ ಕೂತು ಒಂದು ಜಾಂಬಿ ಸಿನಿಮಾ ನೋಡಬೇಕಾಯ್ತು. ನನಗೆ ಇಂಥವು ಅಷ್ಟಾಗಿ ಹಿಡಿಸುವುದಿಲ್ಲ, ಆದರೆ ಕೂತ ಮೇಲೆ ಎದ್ದು ಹೋಗುವುದೂ ಕಷ್ಟ. ನಿಮಗೆ ಗೊತ್ತಿರೋದೇ... ಸತ್ತವರು ಎದ್ದು ಬಂದು ಕಚ್ಚುತ್ತಾರೆ, ಕಚ್ಚಿಸಿಕೊಂಡವರೂ ಅವರ ಹಾಗೇ ಆಗುತ್ತಾರೆ, ಅರ್ಧ ಗಂಟೆಯಲ್ಲಿ ಊರಿಗೆ ಊರೇ ಖಾಲಿ. ಆಮೇಲೆ ಮಿಲಿಟರಿ ಬರುತ್ತದೆ. ಹತ್ತು ನಿಮಿಷದಲ್ಲಿ ಮಿಲಿಟರಿಯೂ ಖಾಲಿ.

ಹುಡುಗನ ತಕರಾರು ಶುರುವಾಗಿದ್ದೇ ಅಲ್ಲಿ. "ಮಾಮಾ, ಇದು ಶುದ್ಧ ಸುಳ್ಳು. ಕೈಯಲ್ಲಿ ಒಂದು ಕೋಲೂ ಇಲ್ಲದವರು ಟ್ಯಾಂಕು, ಹೆಲಿಕಾಪ್ಟರು ಇರೋರನ್ನ ಹೇಗೆ ಸೋಲಿಸ್ತಾರೆ? ನಮ್ಮ ಮಿಲಿಟರಿ ಆಗಿದ್ರೆ ಒಂದೇ ದಿನದ ಕೆಲಸ" ಅಂದ. ನಾನು "ಮಲಗಪ್ಪಾ, ಹನ್ನೆರಡಾಯ್ತು" ಅಂದು ಲೈಟ್ ಆರಿಸಿದೆ. ಆದರೆ ನಿದ್ದೆ ನನಗೇ ಬರಲಿಲ್ಲ. ಹುಡುಗ ಹೇಳಿದ್ದು ಅರ್ಧ ಸರಿ, ಅರ್ಧ ತಪ್ಪು ಅಂತ ಅನ್ನಿಸಿತು. ಯಾವ ಅರ್ಧ ಸರಿ, ಯಾವ ಅರ್ಧ ತಪ್ಪು ಅಂತ ಯೋಚಿಸುತ್ತಾ ಹೋದವನು ನೂರಿಪ್ಪತ್ತೈದು ವರ್ಷಕ್ಕೂ ಹಿಂದಿನ ಪುಣೆಗೆ ಹೋಗಿ ನಿಂತೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಚಹಾ ಮಾಡಿಕೊಂಡು ಬಂದು ಓದಿ :-)

ಮೊದಲು ಸರಿಯಾದ ಅರ್ಧ. ಬಯಲಿನಲ್ಲಿ ಗುಂಪು ಕಟ್ಟಿಕೊಂಡು ಎದುರಿಗೆ ಬರುವವರನ್ನು, ಅವರಿಗೆ ಸಾವಿನ ಭಯವೇ ಇಲ್ಲದಿದ್ದರೂ, ಯಂತ್ರದ ಬಂದೂಕು ನಿಲ್ಲಿಸುತ್ತದಾ? ನಿಲ್ಲಿಸುತ್ತದೆ. ಇದಕ್ಕೆ ಜಾಂಬಿಗಳು ಬೇಕಿಲ್ಲ, ಇತಿಹಾಸದಲ್ಲಿ ಮನುಷ್ಯರ ಮೇಲೇ ಈ ಪ್ರಯೋಗ ಆಗಿಹೋಗಿದೆ. 1898ರ ಸೆಪ್ಟೆಂಬರ್ 2ರ ಬೆಳಿಗ್ಗೆ ಸೂಡಾನಿನ ಓಮ್ಡುರ್ಮನ್ ಬಯಲಿನಲ್ಲಿ ಖಲೀಫನ ಸುಮಾರು ಐವತ್ತು ಸಾವಿರ ಜನ ಕಿಚನರ್‌ನ ಸೈನ್ಯದ ಮೇಲೆ ಏರಿ ಹೋದರು. ಈಟಿ, ಕತ್ತಿ, ಒಂದಷ್ಟು ಹಳೇ ಬಂದೂಕುಗಳು. ಅವರ ಧೈರ್ಯದ ಬಗ್ಗೆ ಎದುರಾಳಿಗಳೇ ಬೆರಗಾಗಿ ಬರೆದಿದ್ದಾರೆ. ಈ ಕಡೆ ಬ್ರಿಟಿಷರು, ಈಜಿಪ್ಟಿನವರು, ಸೂಡಾನಿನವರು ಸೇರಿ ಇಪ್ಪತ್ತೈದು ಸಾವಿರ ಜನ, ಜೊತೆಗೆ ಫಿರಂಗಿ, ನದಿಯಲ್ಲಿ ಗನ್‌ಬೋಟು, ನಿಮಿಷಕ್ಕೆ ಐನೂರು ಗುಂಡು ಉಗುಳುವ ಮ್ಯಾಕ್ಸಿಂ ಗನ್ನು. ಮಧ್ಯಾಹ್ನದ ಹೊತ್ತಿಗೆ ಕತೆ ಮುಗಿದಿತ್ತು. ಖಲೀಫನ ಕಡೆ ಸತ್ತವರು ಹತ್ತು ಸಾವಿರ ದಾಟಿದರು. ಕಿಚನರ್ ಕಡೆ ಸತ್ತವರು ಐವತ್ತೂ ಆಗಲಿಲ್ಲ. ಓದುವಾಗ ಯುದ್ಧ ಅನ್ನಿಸುವುದೇ ಇಲ್ಲ, ಕಟುಕರ ಅಂಗಡಿ ಅನ್ನಿಸುತ್ತದೆ.

ಹಾಗಾಗಿ ಮ್ಯಾಕ್ಸ್ ಬ್ರೂಕ್ಸ್ 2006ರಲ್ಲಿ ಬರೆದ 'ವರ್ಲ್ಡ್ ವಾರ್ ಜೆಡ್' ಕಾದಂಬರಿಯಲ್ಲಿ ಯಾಂಕರ್ಸ್ ಎಂಬಲ್ಲಿ ಅಮೆರಿಕದ ಸೈನ್ಯ ಜಾಂಬಿಗಳೆದುರು ನೆಲಕಚ್ಚುವುದು ನನಗೆ ನಂಬಿಕೆ ಬರಲಿಲ್ಲ. ಆಧುನಿಕ ಆಯುಧಗಳು ಅರ್ಧ ಕೆಲಸ ಮಾಡುವುದು ಹೆದರಿಸಿ, ಹೆದರದವರ ಮೇಲೆ ಅವು ನಡೆಯುವುದಿಲ್ಲ ಅಂತ ಅವನ ವಾದ. ವಾದ ಚೆನ್ನಾಗಿದೆ. ಆದರೆ ಫಿರಂಗಿಯ ಗುಂಡು ಎದುರಿನವನಿಗೆ ಹೆದರಿಕೆ ಇದೆಯೋ ಇಲ್ಲವೋ ಅಂತ ಕೇಳಿಕೊಂಡು ಸಿಡಿಯುವುದಿಲ್ಲವಲ್ಲ. ಕಾಲೇ ಇಲ್ಲದ ಮೇಲೆ ಜಾಂಬಿ ತಾನೇ ಎಲ್ಲಿಗೆ ನಡೆದುಹೋದಾನು?

ಅಂದರೆ ಗುಂಪಾಗಿ ಎದುರಿಗೆ ಬಂದರೆ ಸೈನ್ಯ ಗೆಲ್ಲುತ್ತದೆ. ಬರದಿದ್ದರೆ?

ಇದಕ್ಕೂ ಒಂದು ಪ್ರಯೋಗ ನಡೆದಿದೆ, ತಮಾಷೆಯದ್ದು. 1932ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕ್ಯಾಂಪಿಯನ್ ಸೀಮೆಯ ಗೋಧಿ ಹೊಲಗಳಿಗೆ ಸುಮಾರು ಇಪ್ಪತ್ತು ಸಾವಿರ ಎಮು ಹಕ್ಕಿಗಳು ನುಗ್ಗಿದವು. ಅಲ್ಲಿನ ರೈತರಲ್ಲಿ ಬಹಳ ಜನ ಮೊದಲ ಮಹಾಯುದ್ಧದಲ್ಲಿ ಹೋರಾಡಿ ಬಂದು ಜಮೀನು ಪಡೆದವರು. ಮೆಷಿನ್ ಗನ್ನಿನ ರುಚಿ ಗೊತ್ತಿದ್ದವರು. ಅದನ್ನೇ ಕಳಿಸಿ ಅಂತ ಸರ್ಕಾರವನ್ನು ಕೇಳಿದರು. ನವೆಂಬರ್‌ನಲ್ಲಿ ಮೇಜರ್ ಮೆರೆಡಿತ್ ಎರಡು ಲೂಯಿಸ್ ಗನ್ನು, ಹತ್ತು ಸಾವಿರ ಗುಂಡು ಹಿಡಿದುಕೊಂಡು ಹೋದ. ಹಕ್ಕಿಗಳು ಗುಂಪಾಗಿ ನಿಲ್ಲಲಿಲ್ಲ. ಸದ್ದು ಕೇಳಿದ ಕೂಡಲೇ ಚಿಕ್ಕ ಚಿಕ್ಕ ತಂಡಗಳಾಗಿ ಚದುರಿದವು. ಒಂದು ದಿನ ನೀರಿನ ಕಟ್ಟೆಯ ಹತ್ತಿರ ಹೊಂಚು ಹಾಕಿ ಕೂತಾಗ ಸಾವಿರದಷ್ಟು ಹಕ್ಕಿಗಳು ಬಂದವು, ಹತ್ತು ಹನ್ನೆರಡು ಉರುಳುವಷ್ಟರಲ್ಲಿ ಗನ್ನು ಕಚ್ಚಿಕೊಂಡಿತು. ಲಾರಿಯ ಮೇಲೆ ಗನ್ನು ಕಟ್ಟಿ ಓಡಿಸಿ ನೋಡಿದರು. ಹಕ್ಕಿ ಲಾರಿಗಿಂತ ಮುಂದೆ ಹೋಯಿತು, ಮೇಲೆ ಕೂತವನಿಗೆ ಕುಲುಕಾಟದಲ್ಲಿ ಗುಂಡು ಹಾರಿಸುವುದಿರಲಿ, ಕೂರುವುದೇ ಕಷ್ಟವಾಯಿತು. ಕೊನೆಗೆ ಮೆರೆಡಿತ್ ಕೊಟ್ಟ ಲೆಕ್ಕ: 9,860 ಗುಂಡಿಗೆ 986 ಹಕ್ಕಿ. ಒಂದಕ್ಕೆ ಸರಿಯಾಗಿ ಹತ್ತು! ಲೆಕ್ಕ ಇಷ್ಟು ಸಮ ಬಂದದ್ದು ನೋಡಿದರೆ ನನಗಂತೂ ಸ್ವಲ್ಪ ಅನುಮಾನ :-) ಆಮೇಲೆ ಸರ್ಕಾರ ಸೈನ್ಯದ ಗೊಡವೆ ಬಿಟ್ಟು ರೈತರಿಗೇ ಇನಾಮು ಘೋಷಿಸಿತು. 1934ರಲ್ಲಿ ಆರು ತಿಂಗಳಲ್ಲಿ ಐವತ್ತೇಳು ಸಾವಿರ ಹಕ್ಕಿಗಳಿಗೆ ಇನಾಮು ಸಂದಾಯವಾಯಿತು.

ಅಮೆರಿಕದ ಮಿಲಿಟರಿಯಲ್ಲಿ ನಿಜವಾಗಿಯೂ ಒಂದು ಜಾಂಬಿ ಯೋಜನೆ ಇತ್ತು, ಗೊತ್ತಾ? 2011ರಲ್ಲಿ ಅವರ ಸ್ಟ್ರಾಟೆಜಿಕ್ ಕಮಾಂಡ್ 'ಕಾನ್‌ಪ್ಲಾನ್ 8888' ಅಂತ ಬರೆದಿಟ್ಟಿತ್ತು, 2014ರಲ್ಲಿ ಸುದ್ದಿಯಾಯಿತು. ಕಿರಿಯ ಅಧಿಕಾರಿಗಳಿಗೆ ಯೋಜನೆ ಬರೆಯಲು ಕಲಿಸುವುದಕ್ಕೆ ಮಾಡಿದ್ದು. ಯಾವುದೋ ನಿಜವಾದ ದೇಶದ ಹೆಸರು ಬಳಸಿದರೆ ಅವರ ಮೇಲೇ ಯುದ್ಧಕ್ಕೆ ಹೊರಟಿದ್ದಾರೆ ಅಂತ ಜನ ತಿಳಿದುಕೊಂಡಾರು ಅಂತ ಜಾಂಬಿಗಳನ್ನು ಆರಿಸಿಕೊಂಡರಂತೆ. ಅದರಲ್ಲಿ ಜಾಂಬಿಗಳ ಜಾತಿಗಳ ಪಟ್ಟಿಯೂ ಇದೆ. ಮಾಟದ ಜಾಂಬಿ, ಸಸ್ಯಾಹಾರಿ ಜಾಂಬಿ, ಕೊನೆಗೆ ಕೋಳಿ ಜಾಂಬಿ... ವಿಷಗಾಳಿ ಹಾಕಿ ಕೊಂದು ಹೂತ ಮುದಿ ಕೋಳಿಗಳು ಪೂರ್ತಿ ಸಾಯದೆ ಮಣ್ಣಿನಿಂದ ಮೇಲೆದ್ದು ಬಂದದ್ದರಿಂದ, ಇದೊಂದೇ ಜಾತಿ ನಿಜಕ್ಕೂ ಇದೆ ಅಂತ ಷರಾ ಬೇರೆ! 2009ರಲ್ಲಿ ಕೆನಡಾದ ಆಟವಾ ಕಡೆಯ ಗಣಿತದವರು ಜಾಂಬಿ ಸೋಂಕಿಗೆ ಸಮೀಕರಣವನ್ನೇ ಬರೆದರು. ಬರೀ ಕ್ವಾರಂಟೈನ್ ಸಾಲದು, ಬೇಗನೆ, ಮತ್ತೆ ಮತ್ತೆ, ಪ್ರತಿಸಲವೂ ಇನ್ನಷ್ಟು ಜೋರಾಗಿ ಹೊಡೆದರೆ ಮಾತ್ರ ಮನುಷ್ಯರು ಉಳಿಯುತ್ತಾರೆ ಅಂತ ಉತ್ತರ ಬಂತು.

ಇದೆಲ್ಲ ಓದುವಾಗ ಒಂದು ಸಂಗತಿ ಕೊರೆಯತೊಡಗಿತು. ಆ ಗಣಿತದಲ್ಲಿ ಜಾಂಬಿ ಅಂದರೆ ಒಂದು ಅಕ್ಷರ. ಆ ಅಕ್ಷರಕ್ಕೆ ಅಮ್ಮ ಇರುವುದಿಲ್ಲ. ಆದರೆ ಕಚ್ಚಿಸಿಕೊಂಡು ಇನ್ನೂ ಜಾಂಬಿ ಆಗದ ಮನುಷ್ಯ ಒಬ್ಬ ಇರುತ್ತಾನಲ್ಲ? ಅವನು ಬಯಲಿಗೆ ಬಂದು ನಿಲ್ಲುವುದಿಲ್ಲ. ಮನೆಯಲ್ಲಿ ಮಲಗಿರುತ್ತಾನೆ. ಪಕ್ಕದಲ್ಲಿ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಯಾರೋ ಕೂತಿರುತ್ತಾರೆ. 1968ರಲ್ಲಿ ರೊಮೆರೋ ಮಾಡಿದ, ಈ ಎಲ್ಲ ಸಿನಿಮಾಗಳ ಮೂಲಪುರುಷನಂಥ 'ನೈಟ್ ಆಫ್ ದಿ ಲಿವಿಂಗ್ ಡೆಡ್' ನೋಡಿದವರಿಗೆ ನೆನಪಿರಬಹುದು. ಹೊರಗೆ ಬಯಲಲ್ಲಿ ಅಲೆಯುವ ಜಾಂಬಿಗಳನ್ನು ಹಳ್ಳಿಯ ಬಂದೂಕುಧಾರಿಗಳು ಬೆಳಗಾಗುವಷ್ಟರಲ್ಲಿ ಆರಾಮಾಗಿ ಮುಗಿಸುತ್ತಾರೆ. ಮನೆಯ ನೆಲಮಾಳಿಗೆಯಲ್ಲಿ ಅಪ್ಪ ಅಮ್ಮ ಕಾಯುತ್ತಾ ಕೂತ, ಕಚ್ಚಿಸಿಕೊಂಡ ಮಗಳೇ ಕೊನೆಗೆ ಅಮ್ಮನನ್ನು ಕೊಲ್ಲುವುದು.

ಈಗ ಪುಣೆಗೆ ಬರೋಣ.

1896ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಡಾಕ್ಟರ್ ವಿಯೆಗಾಸ್ ಪ್ಲೇಗನ್ನು ಗುರುತಿಸಿದರು. ಕೆಲವೇ ತಿಂಗಳಲ್ಲಿ ಮುಂಬಯಿಯ ಅರ್ಧದ ಹತ್ತಿರ ಜನ ಊರು ಬಿಟ್ಟು ಓಡಿದರು. ರೋಗ ರೈಲು ಹತ್ತಿತು. 1897ರ ಫೆಬ್ರವರಿಯಲ್ಲಿ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು (2020ರಲ್ಲಿ ನಮ್ಮನ್ನು ಮನೆಯಲ್ಲಿ ಕೂರಿಸುವಾಗಲೂ ಬಳಸಿದ್ದು ಇದೇ ಕಾಯ್ದೆಯನ್ನು). ಮುಂದಿನ ತಿಂಗಳು ವಾಲ್ಟರ್ ಚಾರ್ಲ್ಸ್ ರಾಂಡ್ ಎಂಬ ಐಸಿಎಸ್ ಅಧಿಕಾರಿ ಪುಣೆಯ ಪ್ಲೇಗ್ ಕಮಿಟಿಯ ಮುಖ್ಯಸ್ಥನಾದ. ಅವನ ಕೈಗೆ ಸುಮಾರು ಒಂಬೈನೂರು ಸಿಪಾಯಿಗಳು, ಗೋರಾಗಳೂ ದೇಸಿಗಳೂ ಸೇರಿ. ಓಮ್ಡುರ್ಮನ್ ಕಾಳಗಕ್ಕೆ ಇನ್ನು ಒಂದೂವರೆ ವರ್ಷ ಇತ್ತು. ಅದೇ ಸಾಮ್ರಾಜ್ಯ, ಅದೇ ಕಾಲದ ಬಂದೂಕು, ಅದೇ ಶಿಸ್ತು.

ಮಾರ್ಚ್‌ನಿಂದ ಮೇವರೆಗೆ ಈ ಸೈನ್ಯ ಮಾಡಿದ ಕೆಲಸ ಇಷ್ಟು. ಬೆಳಿಗ್ಗೆ ಒಂದು ಪೇಟೆಯನ್ನು ಸುತ್ತುವರಿಯುವುದು. ಮನೆಮನೆ ಹೊಕ್ಕು ಹುಡುಕುವುದು. ಕಂಕುಳು, ತೊಡೆಸಂದು ಮುಟ್ಟಿ ಗಡ್ಡೆ ಇದೆಯೇ ನೋಡುವುದು. ಇದ್ದವರನ್ನು ಪ್ಲೇಗಿನ ಆಸ್ಪತ್ರೆಗೆ, ಮನೆಯವರನ್ನು ಸೆಗ್ರಿಗೇಶನ್ ಕ್ಯಾಂಪಿಗೆ ಸಾಗಿಸುವುದು. ನೆಲ ಅಗೆದು, ಹೆಂಚು ತೆಗೆದು ಬೆಳಕು ಬಿಟ್ಟು, ಸಾಮಾನು ಸುಟ್ಟು, ಸುಣ್ಣ ಬಳಿಯುವುದು. ಹೆಂಗಸರ ಜೊತೆ ಹೇಗಿರಬೇಕು, ದೇವರ ಮನೆ ಮುಟ್ಟಬಾರದು ಅಂತೆಲ್ಲ ಸಿಪಾಯಿಗಳಿಗೆ ಕಾಗದದ ಮೇಲೆ ಕಟ್ಟಳೆಗಳು ಇದ್ದವು. ಬೀದಿಯಲ್ಲಿ ನಡೆದದ್ದು ಬೇರೆ. ತಿಲಕರು 'ಕೇಸರಿ'ಯಲ್ಲಿ ಬರೆದರು. ತಿಲಕರಿಗೆ ಯಾವತ್ತೂ ಆಗದ ಪಂಡಿತಾ ರಮಾಬಾಯಿಯವರೂ ಸರ್ಕಾರಿ ಪ್ಲೇಗ್ ವ್ಯವಸ್ಥೆಯಲ್ಲಿ ಹೆಂಗಸರ ಪಾಡಿನ ಬಗ್ಗೆ ಪತ್ರಿಕೆಗೆ ಬರೆದರು. ಇಬ್ಬರೂ ಒಂದೇ ಮಾತು ಆಡಿದ ಪ್ರಸಂಗಗಳು ಬಹಳ ಇಲ್ಲ, ಅದಕ್ಕೇ ಇದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಸೈನಿಕರು ಬೀದಿಗಿಳಿಯುವ ಕೆಲವೇ ದಿನ ಮುಂಚೆ, ಮಾರ್ಚ್ 10ರಂದು, ಅದೇ ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ಪ್ಲೇಗಿನಿಂದ ತೀರಿಕೊಂಡಿದ್ದರು. ರೋಗಿ ಹುಡುಗನೊಬ್ಬನನ್ನು ಬೆನ್ನ ಮೇಲೆ ಹೊತ್ತು ಮಗನ ಆಸ್ಪತ್ರೆಗೆ ತಂದಾಗ ಅವರಿಗೂ ಅಂಟಿತ್ತು. ಅಲ್ಲಿಗೆ ಬರಲು ರೋಗಿಗಳಿಗೆ ಬಂದೂಕಿನ ಕಾವಲು ಬೇಕಾಗಿರಲಿಲ್ಲ.

ಮೇ ಹೊತ್ತಿಗೆ ಪುಣೆಯಲ್ಲಿ ರೋಗ ಇಳಿಯಿತು, ಗೆದ್ದೆವು ಅಂದುಕೊಂಡರು. ಜೂನ್ 22ರ ರಾತ್ರಿ, ವಿಕ್ಟೋರಿಯಾ ರಾಣಿಯ ವಜ್ರ ಮಹೋತ್ಸವದ ಔತಣ ಮುಗಿಸಿ ಗಣೇಶಖಿಂಡಿನಿಂದ ಬರುತ್ತಿದ್ದ ರಾಂಡ್‌ಗೆ ಚಾಪೇಕರ್ ಸೋದರರು ಗುಂಡು ಹೊಡೆದರು. ಹಿಂದಿನ ಗಾಡಿಯಲ್ಲಿದ್ದ ಲೆಫ್ಟಿನೆಂಟ್ ಆಯರ್ಸ್ಟ್ ಅಲ್ಲೇ ಸತ್ತ, ರಾಂಡ್ ಜುಲೈ 3ರಂದು ಸತ್ತ. ಚಾಪೇಕರರು ಗಲ್ಲಿಗೆ ಹೋದರು, ತಿಲಕರು ರಾಜದ್ರೋಹದ ಮೇಲೆ ಜೈಲಿಗೆ. ಇದು ನಾವೆಲ್ಲ ಶಾಲೆಯಲ್ಲಿ ಓದಿದ್ದು. ಪಾಠದಲ್ಲಿ ಇಲ್ಲದ್ದು ಏನೆಂದರೆ ಅದೇ ವರ್ಷ ಪ್ಲೇಗು ಪುಣೆಗೆ ವಾಪಸ್ ಬಂತು, ಮೊದಲಿಗಿಂತ ಜೋರಾಗಿ.

ಯಾಕೆ? ಎರಡು ಕಾರಣ. ಮೊದಲನೆಯದು ಇಲಿ. 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ಡಾಕ್ಟರು ಪ್ಲೇಗು ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ ಅಂತ ತೋರಿಸಿದ. ವರ್ಷಗಟ್ಟಲೆ ಯಾರೂ ಅವನ ಮಾತು ನಂಬಲಿಲ್ಲ. ಅಂದರೆ ಪುಣೆಯಲ್ಲಿ ಒಂಬೈನೂರು ಸಿಪಾಯಿಗಳು ಮನುಷ್ಯರನ್ನು ತಡೆದು ನಿಲ್ಲಿಸಿ ಕಂಕುಳು ಹುಡುಕುತ್ತಿದ್ದಾಗ ಅವರ ಬೂಟಿನ ಪಕ್ಕದಲ್ಲೇ ಇಲಿಗಳು ನಾಕಾಬಂದಿ ದಾಟುತ್ತಿದ್ದವು. ಎರಡನೆಯ ಕಾರಣ ಜನ ರೋಗಿಗಳನ್ನು ಮುಚ್ಚಿಟ್ಟದ್ದು. ಸಿಪಾಯಿಗಳು ಎಷ್ಟು ಜೋರು ಮಾಡಿದರೋ ಅಷ್ಟು ಮುಚ್ಚಿಟ್ಟರು.

ಈ ಎರಡನೆಯದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ನಮ್ಮ ಅಜ್ಜಿಯ ಊರು ಧಾರವಾಡದ ಹತ್ತಿರದ ಒಂದು ಹಳ್ಳಿ. ಆಗ ಧಾರವಾಡ ಜಿಲ್ಲೆ ಮುಂಬಯಿ ಇಲಾಖೆಯಲ್ಲೇ ಇದ್ದದ್ದರಿಂದ ಪುಣೆಯ ಕಾನೂನೇ ಇಲ್ಲಿಗೂ. ಅಜ್ಜಿಗೆ ಅವಳ ಅತ್ತೆ ಹೇಳಿದ್ದು, ಅಜ್ಜಿ ನಮಗೆ ಹೇಳಿದ್ದು. ಪ್ಲೇಗಿನವರು ಬರುತ್ತಾರೆ ಅಂತ ಸುದ್ದಿ ಬಂದಾಗ ಮನೆಯ ಸಣ್ಣ ಸೊಸೆ ಜ್ವರದಲ್ಲಿ ಮಲಗಿದ್ದಳು, ಕಂಕುಳಲ್ಲಿ ಗಡ್ಡೆ. ಕರೆದುಕೊಂಡು ಹೋದರೆ ತಿರುಗಿ ಬರುವುದಿಲ್ಲ ಅಂತ ಎಲ್ಲರ ನಂಬಿಕೆ. ಅವಳನ್ನು ಎತ್ತಿ ಜೋಳದ ಕಣಜದ ಹಿಂದೆ ಕೂರಿಸಿ, ಮುಂದೆ ಚೀಲ ಒಟ್ಟಿದರು. ನರಳಬಾರದು ಅಂತ ಬಾಯಿಗೆ ಸೆರಗು ಕೊಟ್ಟರು. ಬಂದವರು ನೋಡಿ ಹೋದರು. ಮೂರನೇ ರಾತ್ರಿ ಅವಳು ಕಣಜದ ಹಿಂದೆಯೇ ಸತ್ತಳು. ಸುಟ್ಟರೆ ಹೊಗೆ ಕಾಣುತ್ತದೆ ಅಂತ ಕತ್ತಲಲ್ಲಿ ಹೊಲದ ಬದುವಿನಲ್ಲಿ ಹೂತರು. ಆಮೇಲೆ ಅದೇ ಮನೆಯಲ್ಲಿ ಇನ್ನೂ ನಾಲ್ಕು ಜನ ಹೋದರು. ಜೋಳದ ಕಣಜ ಅಂದರೆ ಇಲಿಗಳ ಮನೆ ಅಂತ ಈಗ ನಮಗೆ ಗೊತ್ತು. ಅವರು ಅವಳನ್ನು ಬಚ್ಚಿಟ್ಟದ್ದೇ ರೋಗದ ಬಾಯಲ್ಲಿ.

"ಇಲಿ ಬಿತ್ತಂದ್ರ ಊರ ಬಿಡಬೇಕ್ರೋ, ಆಮ್ಯಾಲಿಂದ ಕಲಿತ್ರು" ಅನ್ನುತ್ತಿದ್ದಳು ಅಜ್ಜಿ. ಮುಂದಿನ ವರ್ಷಗಳಲ್ಲಿ ಮನೆಯಲ್ಲಿ ಇಲಿ ಸತ್ತು ಬಿದ್ದ ಕೂಡಲೇ ಇಡೀ ಊರೇ ಹೊಲಗಳಲ್ಲಿ ಜೋಪಡಿ ಹಾಕಿಕೊಂಡು ಇರುತ್ತಿತ್ತಂತೆ. ಸಿಮೊಂಡನ ಲೇಖನ ಓದದೆಯೇ ಜನ ಕಂಡುಕೊಂಡ ಉಪಾಯ ಅದು. ಬಂದೂಕಿಲ್ಲದೆ ಊರು ಖಾಲಿಯಾಗುತ್ತಿತ್ತು.

ಪುಣೆಯಲ್ಲಿ ಸೈನ್ಯಕ್ಕೆ ಆಗದ್ದು ಸ್ವಲ್ಪವಾದರೂ ಆದದ್ದು ನಮ್ಮ ಹುಬ್ಬಳ್ಳಿಯಲ್ಲಿ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗಿಗೆ ಲಸಿಕೆ ಮಾಡಿ 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಕೊಂಡಿದ್ದ. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಹೊತ್ತಿ ಉರಿಯುವಾಗ ಸರ್ಕಾರಿ ಡಾಕ್ಟರು ಲ್ಯೂಮನ್ ಅದನ್ನು ದೊಡ್ಡ ಪ್ರಮಾಣದಲ್ಲಿ ಹಾಕಿದ. ಕೆಲವೇ ತಿಂಗಳಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಚುಚ್ಚಿಸಿಕೊಂಡರು. ಚುಚ್ಚಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆ ಇತ್ತು. ಪಕ್ಕದ ಮನೆಯವ ಚುಚ್ಚಿಸಿಕೊಂಡು ಬದುಕಿದ್ದನ್ನು ನೋಡುವುದಕ್ಕಿಂತ ದೊಡ್ಡ ಹುಕುಂ ಯಾವುದಿದೆ? ಇದೂ ಪೂರ್ತಿ ಸುಖಾಂತ ಅಲ್ಲ. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬಲ್ಲಿ ಲಸಿಕೆಯ ಒಂದು ಸೀಸೆ ಕೆಟ್ಟು ಹತ್ತೊಂಬತ್ತು ಜನ ಧನುರ್ವಾಯುವಿನಿಂದ ಸತ್ತರು, ಹಾಫ್‌ಕಿನ್‌ನ ತಲೆದಂಡವಾಯಿತು. ತಪ್ಪು ಅವನದಲ್ಲ ಅಂತ ಒಪ್ಪಿಕೊಳ್ಳಲು ಸರ್ಕಾರಕ್ಕೆ ವರ್ಷಗಳೇ ಹಿಡಿದವು.

ಅಷ್ಟರಲ್ಲಿ 1898ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ಒಬ್ಬ ಹುಡುಗಿಯನ್ನು ಪರೀಕ್ಷೆ ಮಾಡಲು ಹೋದದ್ದರಿಂದ ಗಲಭೆ ಎದ್ದಿತ್ತು, 1900ರಲ್ಲಿ ಕಾನ್ಪುರದಲ್ಲಿ ಜನ ಸೆಗ್ರಿಗೇಶನ್ ಕ್ಯಾಂಪಿನ ಮೇಲೇ ಬಿದ್ದರು. ಸರ್ಕಾರ ಮೆಲ್ಲಗೆ ಜೋರು ಮಾಡುವುದನ್ನು ಬಿಟ್ಟಿತು. ಪ್ಲೇಗಂತೂ ಬಿಡಲಿಲ್ಲ. 1907 ಒಂದೇ ವರ್ಷದಲ್ಲಿ ಭಾರತದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಒಟ್ಟು ಲೆಕ್ಕ ಒಂದು ಕೋಟಿ ದಾಟುತ್ತದೆ. ಓಮ್ಡುರ್ಮನ್ ಬಯಲಿನಂಥ ಸಾವಿರ ಬಯಲು ಅಂದುಕೊಳ್ಳಿ.

ಅದು ಹಳೇ ಕಾಲ, ಈಗಿನ ಸೈನ್ಯ ಬೇರೆ ಅನ್ನುವವರಿಗೆ 2014ರ ಲೈಬೀರಿಯಾ ಇದೆ. ಎಬೋಲಾ. ಕಚ್ಚುವುದೊಂದು ಬಿಟ್ಟರೆ ಜಾಂಬಿ ಸಿನಿಮಾಕ್ಕೆ ಇಷ್ಟು ಹತ್ತಿರದ ರೋಗ ಇನ್ನೊಂದಿಲ್ಲ, ಸತ್ತವರ ಮೈಯಿಂದಲೂ ಅಂಟುತ್ತದೆ. ರಾಜಧಾನಿ ಮನ್ರೋವಿಯಾದ ವೆಸ್ಟ್ ಪಾಯಿಂಟ್ ಎಂಬ ಕೊಳೆಗೇರಿಯನ್ನು ಆಗಸ್ಟ್ 20ರಂದು ಸೈನ್ಯ, ಪೊಲೀಸರು ಮುಳ್ಳುತಂತಿ ಹಾಕಿ ಮುಚ್ಚಿದರು. ಒಳಗೆ ಐವತ್ತು ಸಾವಿರಕ್ಕೂ ಮೇಲೆ ಜನ. ಮೊದಲ ದಿನವೇ ಗುಂಡು ಹಾರಿತು, ಒಬ್ಬ ಹದಿನೈದರ ಹುಡುಗ ಸತ್ತ. ನಮ್ಮ ಮನೆಯ ಹುಡುಗನಿಗಿಂತ ಒಂದೇ ವರ್ಷ ದೊಡ್ಡವನು. ಹತ್ತು ದಿನಕ್ಕೆ ತಂತಿ ತೆಗೆದರು. ಆಮೇಲೆ ಕೆಲಸಕ್ಕೆ ಬಂದದ್ದು ಓಣಿಯ ಜನರೇ ಮನೆಮನೆ ತಿರುಗಿ ಯಾರಿಗೆ ಜ್ವರ ಇದೆ ಅಂತ ಕೇಳಿದ್ದು, ಹೆಣವನ್ನು ತೊಳೆಯದೆ ಎಚ್ಚರಿಕೆಯಿಂದ ಮಣ್ಣು ಮಾಡಲು ಮನೆಯವರನ್ನು ಒಪ್ಪಿಸಿದ್ದು.

ಇಷ್ಟು ಬರೆದ ಮೇಲೆ ಇನ್ನೊಂದನ್ನೂ ಹೇಳದಿದ್ದರೆ ಸರಿಯಲ್ಲ. 2020ರ ಜುಲೈನಲ್ಲಿ ಅಪ್ಪನಿಗೆ ಜ್ವರ ಬಂತು. ಎರಡು ದಿನ ನಾವು ಯಾರಿಗೂ ಹೇಳಲಿಲ್ಲ. ಬಾಗಿಲಿಗೆ ಪಟ್ಟಿ ಹೊಡೆಯುತ್ತಾರೆ, ಅಪ್ಪನನ್ನು ಒಬ್ಬರನ್ನೇ ಎಲ್ಲಿಗೋ ಒಯ್ಯುತ್ತಾರೆ ಅಂತ. ಮುಂದಿನ ಕೋಣೆಯ ಕಿಟಕಿ ಮುಚ್ಚಿ, ಕೆಮ್ಮು ಕೇಳಬಾರದು ಅಂತ ಟೀವಿ ಜೋರಾಗಿ ಇಟ್ಟೆ. ಹಾಲಿನವನು ಎಂದಿನಂತೆ ಬಂದು ಹೋದ, ಅವನಿಗೂ ಹೇಳಲಿಲ್ಲ. ಮೂರನೇ ದಿನ ಪರೀಕ್ಷೆ ಮಾಡಿಸಿದೆವು, ಬರೀ ಟೈಫಾಯ್ಡು. ಅದು ನಮ್ಮ ಅದೃಷ್ಟ, ಹಾಲಿನವನ ಅದೃಷ್ಟ. ಓದಿದವನು, ಇತಿಹಾಸದ ಹುಚ್ಚು ಇರುವವನು, ರಾಂಡ್‌ನ ಕತೆ ತಿಳಿದವನು ನಾನು. ಟೀವಿಯ ಸದ್ದು ಏರಿಸುವಾಗ ಕಣಜದ ನೆನಪು ಬಂದಿತ್ತು, ಆದರೂ ಏರಿಸಿದೆ.

ಮರುದಿನ ಬೆಳಿಗ್ಗೆ ದೋಸೆ ತಿನ್ನುವಾಗ ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಬಯಲಲ್ಲಿ ನೀನು ಹೇಳಿದಂತೆ ಒಂದೇ ದಿನದ ಕೆಲಸ, ಮನೆಗಳೊಳಗೆ ಆಗುವುದಿಲ್ಲ ಅಂದೆ. ಓಮ್ಡುರ್ಮನ್, ಎಮು ಹಕ್ಕಿ ಎಲ್ಲ ಖುಷಿಯಿಂದ ಕೇಳಿದ, ಕೋಳಿ ಜಾಂಬಿಗೆ ದೋಸೆ ನೆತ್ತಿಗೆ ಹತ್ತುವಷ್ಟು ನಕ್ಕ. ಕಣಜದ ವಿಷಯ ಬಂದಾಗ ಸುಮ್ಮನಾದ. ಸ್ವಲ್ಪ ಹೊತ್ತು ಬಿಟ್ಟು "ಆ ಸೊಸೆ ಹೆಸರು ಏನಿತ್ತು ಮಾಮಾ?" ಅಂದ.

ಅಜ್ಜಿ ಯಾವಾಗಲೂ 'ಸಣ್ಣ ಸೊಸಿ' ಅಂತಲೇ ಹೇಳುತ್ತಿದ್ದಳು. ನಾನು ಕೇಳಿರಲೇ ಇಲ್ಲ. ಊರಲ್ಲಿ ಉಳಿದಿರುವ ದೊಡ್ಡ ಕಾಕಾನಿಗೆ ಫೋನ್ ಮಾಡಿದೆ. ಅವರು ಹೊಲದ ಬದುವಿನ ಜಾಗ ಹೇಳಿದರು, ಅಲ್ಲಿ ಈಗ ಬೇವಿನ ಮರ ಇದೆಯಂತೆ. ಹೆಸರು ಅವರಿಗೂ ಗೊತ್ತಿರಲಿಲ್ಲ.